ದುರಸ್ತಿಯ ಬಳಿಕ ಲಾರಿ ಎಂಜಿನ್ ಕೈಕೊಟ್ಟರೆ ಮೊದಲು ನೋಡಬೇಕಾದುದೇನು?

ಹಾವೇರಿ ಜಿಲ್ಲೆ ಹಾನಗಲ್ ತಾಲ್ಲೂಕಿನ ತಿಳವಳ್ಳಿ ಸೀಮೆಯಲ್ಲಿ ಭತ್ತ, ಮೆಕ್ಕೆಜೋಳ, ಮಾವಿನ ಸುಗ್ಗಿ ಬಂತೆಂದರೆ ಲಾರಿಗಳಿಗೆ ಬಿಡುವಿಲ್ಲ. ಇಂಥ ಹೊತ್ತಿನಲ್ಲಿ ಗ್ಯಾರೇಜಿನಿಂದ ಹೊರಬಂದ ಲಾರಿ ಮೊದಲಿಲ್ಲದ ತೊಂದರೆ ತೋರಿದರೆ, ಒಂದೇ ವಾಹನವನ್ನು ನಂಬಿದ ಮಾಲೀಕನಿಗೆ ದುರಸ್ತಿಯ ಹಣದ ಜತೆ ಬಾಡಿಗೆಯೂ ನಷ್ಟ. ಗಾಬರಿಯಿಂದ ಮತ್ತೆ ಎಂಜಿನ್ ಬಿಚ್ಚಿಸುವ ಮುನ್ನ, ದುರಸ್ತಿ ವೇಳೆ ಕಳಚಿ ಜೋಡಿಸಿದ ಭಾಗಗಳನ್ನು ಪರೀಕ್ಷಿಸುವುದು ಒಳಿತು. ದೋಷ ಬಹುಪಾಲು ಅಲ್ಲಿಯೇ ಅಡಗಿರುತ್ತದೆ.

ಚಾಲೂ ಆಗಿ ನಿಂತರೆ: ಡೀಸೆಲ್ ಫಿಲ್ಟರ್ ಬದಲಿಸಿದ ಮೇಲೆ ಎಂಜಿನ್ ಕೆಲ ನಿಮಿಷ ಓಡಿ ನಿಂತರೆ ಲೈನಿನಲ್ಲಿ ಏರ್ ಹಿಡಿದಿರುವ ಸಾಧ್ಯತೆ ಹೆಚ್ಚು. ಟ್ಯಾಂಕಿನಿಂದ ಪಂಪಿನವರೆಗಿನ ಪೈಪು ಡೀಸೆಲನ್ನು ಎಳೆದುಕೊಳ್ಳುವ ಭಾಗ. ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕದೆಯೂ ಗಾಳಿ ಒಳಗೆ ಸೇರಬಹುದು. ಹಳೆಯ ಎಂಜಿನ್‌ಗಳಲ್ಲಿ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ ಏರ್ ತೆಗೆಯುತ್ತಾರೆ. ಕಾಮನ್ ರೈಲ್ ಎಂಜಿನ್ ಚಾಲನೆಯಲ್ಲಿದ್ದಾಗ ನಾಜಲ್ ಪೈಪನ್ನು ಸಡಿಲಿಸಲೇಬಾರದು. ಅಲ್ಲಿನ ಒತ್ತಡ ಸಾವಿರ ಬಾರ್ ಮೀರಬಹುದು. ಚಿಮ್ಮಿದ ಡೀಸೆಲ್ ಚರ್ಮವನ್ನೇ ಭೇದಿಸುತ್ತದೆ.

ಹೊಗೆಯ ಬಣ್ಣ: ಕಪ್ಪು ಹೊಗೆ ಬಂದು ಎಳೆತ ಕುಗ್ಗಿದರೆ ಏರ್ ಫಿಲ್ಟರನ್ನೂ ಟರ್ಬೊದ ಹೋಸ್ ಕ್ಲಿಪ್‌ಗಳನ್ನೂ ನೋಡಬೇಕು. ಬಿಳಿ ಹೊಗೆ ನಿಲ್ಲದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ. ಸುಡದ ಡೀಸೆಲಿನ ವಾಸನೆಯಿದ್ದರೆ ಟೈಮಿಂಗ್ ಪರೀಕ್ಷಿಸಬೇಕು. ನೀಲಿ ಹೊಗೆ ಆಯಿಲ್ ಸುಡುತ್ತಿರುವುದರ ಸೂಚನೆ.

ಬಿಸಿ ಮತ್ತು ಸದ್ದು: ಹೆಡ್ ಕೆಲಸದ ಬಳಿಕ ಎಂಜಿನ್ ಬಿಸಿಯೇರಿದರೆ ಕೂಲಂಟ್‌ನಲ್ಲಿ ಗಾಳಿ ಉಳಿದಿರಬಹುದು. ಎಂಜಿನ್ ತಣಿಯುವ ಮುನ್ನ ರೇಡಿಯೇಟರ್ ಮುಚ್ಚಳ ತೆರೆಯುವುದು ಅಪಾಯ. ಟ್ಯಾಪೆಟ್ ಸದ್ದು ಕೇಳಿಸಿದರೆ ಕೈಪಿಡಿ ಹೇಳಿದ ಅಂತರವನ್ನು ಗೇಜಿನಿಂದ ಅಳೆಯಬೇಕು. ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿದರೆ ಮಾತ್ರ ಊರು ಹತ್ತಿರವೆಂದು ಓಡಿಸದೆ ಕೂಡಲೇ ಎಂಜಿನ್ ಆರಿಸಬೇಕು. ಬೇರಿಂಗ್, ಕ್ರ್ಯಾಂಕ್ ಹಾಳಾಗಲು ಹೆಚ್ಚು ಹೊತ್ತು ಬೇಡ.

ಹೊಸ ಲಾರಿಗಳಲ್ಲಿ: ಬಿಎಸ್-4 ಮಾನದಂಡ 2017ರ ಏಪ್ರಿಲ್ 1ರಿಂದ ದೇಶದಾದ್ಯಂತ, ಬಿಎಸ್-6 2020ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಈ ಎಂಜಿನ್‌ಗಳಲ್ಲಿ ಸೆನ್ಸರಿನ ಸಡಿಲ ಪ್ಲಗ್ ಅಥವಾ ಸರಿಯಾಗಿ ಬಿಗಿಯದ ಅರ್ಥಿಂಗ್ ತಂತಿಯೂ ಶಕ್ತಿಯನ್ನು ಕುಗ್ಗಿಸಬಲ್ಲದು. ಅನೇಕ ಮಾದರಿಗಳಲ್ಲಿ ಹೊಸ ನಾಜಲ್ ಕೂರಿಸಿದರೆ ಅದರ ಸಂಕೇತ ಸಂಖ್ಯೆಯನ್ನು ಎಂಜಿನ್ ಕಂಪ್ಯೂಟರಿಗೆ ದಾಖಲಿಸಬೇಕಾಗುತ್ತದೆ. ಬಿಡಿಭಾಗ ಕೊಳ್ಳುವ ಮೊದಲು ಸ್ಕ್ಯಾನರಿನಿಂದ ದೋಷಸಂಖ್ಯೆ ಓದಿಸುವುದು ಲಾಭಕರ. ಆದರೆ ಅದು ತೋರುವುದು ದೋಷದ ದಿಕ್ಕನ್ನು. ಕೆಟ್ಟ ಭಾಗವನ್ನೇ ಅಲ್ಲ.

ಮೆಕ್ಯಾನಿಕ್‌ಗೆ ಹೇಳಬೇಕಾದುದು: ದುರಸ್ತಿಯ ನಂತರ ಕಂಡದ್ದೆಲ್ಲ ದುರಸ್ತಿಯಿಂದಲೇ ಆದದ್ದಲ್ಲ. ಸವೆದಿದ್ದ ಇನ್ನೊಂದು ಭಾಗ ಅದೇ ಸಮಯಕ್ಕೆ ಸೋತಿರಬಹುದು. ತೊಂದರೆ ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಖಾಲಿಯಿದ್ದಾಗಲೋ ಹೇರು ಹೊತ್ತಾಗಲೋ ಎಂಬುದನ್ನು ಬರೆದಿಟ್ಟು ತಿಳಿಸಬೇಕು. ಒಂದು ಬಾರಿಗೆ ಒಂದೇ ಭಾಗ ಬದಲಿಸಿದರೆ ಕಾರಣ ಸ್ಪಷ್ಟವಾಗುತ್ತದೆ. ಕಿಲೋಮೀಟರ್ ನಮೂದಿಸಿದ ಬಿಲ್ಲು, ತೆಗೆದ ಹಳೆಯ ಭಾಗಗಳು ಮಾಲೀಕನ ಕೈಯಲ್ಲಿದ್ದರೆ ಮುಂದೆ ವಿವಾದಕ್ಕೆ ಎಡೆಯಿರದು. ದೂರದ ಬಾಡಿಗೆ ಒಪ್ಪಿಕೊಳ್ಳುವ ಮುನ್ನ ಹತ್ತಿರದಲ್ಲೇ ಲಾರಿಯನ್ನು ಓಡಿಸಿ, ನೀರು, ಆಯಿಲ್, ಡೀಸೆಲ್ ಸೋರಿಕೆಯನ್ನು ಮತ್ತೊಮ್ಮೆ ನೋಡುವುದು ಕ್ಷೇಮ.