ಖಾನಾವಳಿಯ ರೊಟ್ಟಿ

ಬಳ್ಳಾರಿಯ ರೊಟ್ಟಿ ಖಾನಾವಳಿಗಳಲ್ಲಿ ಮಧ್ಯಾಹ್ನದ ಹೊತ್ತು ಜಾಗ ಸಿಗುವುದು ಕಷ್ಟ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಾಳುಪಲ್ಯ, ಶೇಂಗಾ ಚಟ್ನಿಪುಡಿ, ಮೊಸರು. ಕೋರ್ಟು ಕೆಲಸಕ್ಕೆ ಬಂದ ರೈತನೂ ಬ್ಯಾಂಕಿನ ಅಧಿಕಾರಿಯೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ಮನೆಯ ಊಟದಂತಿದೆ ಎಂದು ಮೆಚ್ಚುತ್ತಾರೆ. ಮನೆಯ ರೊಟ್ಟಿಯನ್ನು ಹಣ ಕೊಟ್ಟು ತಿನ್ನುವ ಕಾಲ ಹೇಗೆ ಬಂತು ಎಂಬುದಕ್ಕೆ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ಉತ್ತರವಿದೆ.

ಇದು ಎರೆಭೂಮಿಯ ಸೀಮೆ. ಮಳೆ ನಿಂತ ಮೇಲೂ ಹಿಂಗಾರಿ ಜೋಳ ನೆಲದ ಹಸಿಯನ್ನೇ ನಂಬಿ ಬೆಳೆಯುತ್ತದೆ. ಅದನ್ನು ಹಗೇವಿನಲ್ಲಿ ತುಂಬಿ ಕೆಟ್ಟ ವರ್ಷಕ್ಕೆಂದು ಕಾಯ್ದಿಡುತ್ತಿದ್ದರು. ಆ ಲೆಕ್ಕವೂ ತಪ್ಪಿದ್ದು 1876–78ರ ಬರದಲ್ಲಿ. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಅತಿಯಾಗಿ ನೊಂದ ಜಿಲ್ಲೆಗಳಲ್ಲೊಂದು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಆಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲಿಷ್ಟು ಪುಡಿಗಾಸಿಗೆ ಇಳಿಸಿದ. ಪೌಂಡೆಂದರೆ ಅರ್ಧ ಕಿಲೋಗೂ ಕಡಿಮೆ. ಕಲ್ಲು ಒಡೆಯುವವನ ಹೊಟ್ಟೆಗೆ ಅದು ಯಾವ ಮೂಲೆಗೆ?

ಸಿರುಗುಪ್ಪದ ಮಾತು ಬೇರೆ. ವಿಜಯನಗರದ ಕಾಲದ ಕಾಲುವೆಯಿಂದಾಗಿ ಅಲ್ಲಿ ಭತ್ತ ಹಳೆಯ ಬೆಳೆ. ಉಳಿದೆಡೆ ಬದಲಾವಣೆ ತಂದದ್ದು 1953. ಆ ವರ್ಷ ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಗೆ ನೀರು ಹರಿಯಿತು. ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ನೀರು ಹೋದ ಕಡೆಯೆಲ್ಲ ಭತ್ತ ಹೋಯಿತು. ಕುರುಗೋಡಿನ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ ರೊಟ್ಟಿ ದಿನಕ್ಕೆ, ಅನ್ನ ಹಬ್ಬಕ್ಕೆ ಎಂದಿತ್ತು. ನನ್ನ ಕಾಲಕ್ಕೆ ಅದು ತಿರುವುಮುರುವಾಯಿತು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ಒಲೆಯ ಮೇಲೂ ಅಕ್ಕಿ ಬೆಂದಿತು. ಬರ ಕಂಡ ಸೀಮೆಯವರು ಅದನ್ನು ಹೀಗಳೆಯಬಾರದು. ಆದರೆ ಮನೆಗಳಲ್ಲಿ ರೊಟ್ಟಿ ಬಡಿಯುವ ಕೈಗಳು ಕಡಿಮೆಯಾದವು.

ಬಡವರ ಊಟ ಹೀಗೆ ಮರ್ಯಾದೆ ಪಡೆದದ್ದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ದಕ್ಷಿಣದಿಂದ ಉತ್ತರದ ನಗರಗಳಿಗೆ ಗುಳೆ ಹೋದ ಕರಿಯ ಜನ ತಮ್ಮ ಮೆಕ್ಕೆಜೋಳದ ರೊಟ್ಟಿ, ಸೊಪ್ಪಿನ ಪಲ್ಯಗಳನ್ನೂ ಒಯ್ದರು. 1962ರಲ್ಲಿ ಸಿಲ್ವಿಯಾ ವುಡ್ಸ್ ಎಂಬಾಕೆ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ತೆರೆದ ಹೋಟೆಲು ಆ ಊಟದಿಂದಲೇ ಹೆಸರಾಯಿತು. ‘ಸೋಲ್ ಫುಡ್’, ಅಂದರೆ ಆತ್ಮದ ಊಟ, ಎಂದು ಅದನ್ನು ಅವರು ಕರೆದರು.

ಸಿಲ್ವಿಯಾಳ ಹೆಸರು ಹೋಟೆಲಿನ ಫಲಕದಲ್ಲಿದೆ. ನಮ್ಮ ಖಾನಾವಳಿಯ ಹಿಂದಿನ ಕೋಣೆಯಲ್ಲಿ ಬೆಂಕಿಯ ಮುಂದೆ ಕುಳಿತವರ ಹೆಸರು ಎಲ್ಲಿಯೂ ಇಲ್ಲ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರು ಹಾಕಿ, ಬಿಸಿಯಿರುವಾಗಲೇ ನಾದಿ, ಅಂಚು ಸೀಳದಂತೆ ಅಂಗೈಯಿಂದ ಬಡಿದು, ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು. ಇದನ್ನು ಪುಸ್ತಕ ಓದಿ ಕಲಿತವರನ್ನು ನಾನು ಕಂಡಿಲ್ಲ. ತಾಯಿಯ ಪಕ್ಕದಲ್ಲಿ ಕುಳಿತು ಕಲಿತ ಹೆಂಗಸರು ದಿನಗೂಲಿಗೆ ಬಡಿಯುತ್ತಾರೆ. ತಮ್ಮ ಹೆಣ್ಣುಮಕ್ಕಳು ಓದಿ ಬೇರೆ ನೌಕರಿ ಹಿಡಿಯಲಿ ಎನ್ನುತ್ತಾರೆ. ಅದು ನ್ಯಾಯವೇ. ಟೀಚರಾದ ನಾನು ಬೇರೆ ಹೇಗೆ ಹೇಳಲಿ? ಆದರೂ ಜಿಲ್ಲೆಯ ಚರಿತ್ರೆ ಪಾಠ ಮಾಡುವಾಗ ಟೆಂಪಲ್‌ನ ಕೂಲಿಯನ್ನೂ ತುಂಗಭದ್ರೆಯ ಕಾಲುವೆಯನ್ನೂ ಹೇಳಿದ ಮೇಲೆ ಈ ಹೆಂಗಸರ ಮಾತನ್ನೂ ಹೇಳುತ್ತೇನೆ. ಹಗೇವುಗಳು ಹೋದ ಮೇಲೆ ಜೋಳದ ನೆನಪನ್ನು ಕಾಯ್ದಿಟ್ಟವರು ಅವರೇ.