ಯಶವಂತಪುರದ ಪಿಂಗಾಣಿಯೂ ರಸಶಾಸ್ತ್ರದ ಮೂಷೆಯೂ

ನಿರೋಧಕವೆಂಬ ಒಂದೇ ಶಬ್ದವನ್ನು ವಿದ್ಯುತ್ತಿಗೂ ಉಷ್ಣಕ್ಕೂ ಪ್ರಯೋಗಿಸುವ ವಾಡಿಕೆಯಿಂದ ಮೃಚ್ಛಿಲ್ಪದ ಚರಿತ್ರೆಯಲ್ಲಿ ಒಂದು ಭ್ರಾಂತಿಯು ಬೇರೂರಿದೆ. ರಂಧ್ರವಿಲ್ಲದ ನುಣುಪಾದ ಪಿಂಗಾಣಿಯೇ ಪರಿಣತಿಯ ತುದಿಯೆಂದೂ, ಹೊಟ್ಟುಲದ್ದಿಗಳು ಬೆರೆತ ಮಣ್ಣು ಪಾಮರರ ಅರೆಗೆಲಸವೆಂದೂ ಭಾವಿಸುವುದೇ ಆ ಭ್ರಾಂತಿ.

ಬೆಂಗಳೂರಿನ ಉತ್ತರಭಾಗದಲ್ಲಿ, 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯ ನೆರೆಯಲ್ಲಿ, ಯಶವಂತಪುರದ ಕಡೆಗೆ, ಮೈಸೂರು ಸರ್ಕಾರದವರು 1932ರಲ್ಲಿ ಪಿಂಗಾಣಿಯ ಕಾರ್ಖಾನೆಯೊಂದನ್ನು ಏರ್ಪಡಿಸಿದರು. 1976ರಲ್ಲಿ ಅದು ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಗೆ ಸೇರಿತು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸೀಮೆಯಲ್ಲೆಲ್ಲಾ ಹಬ್ಬುತ್ತಲಿದ್ದುದರಿಂದ ತಂತಿಗಳಿಗೆ ಇಂತಹ ಪಿಂಗಾಣಿಯ ಆಧಾರಗಳು ಬೇಕಾಗಿದ್ದುವು. ಬಿಳಿಯ ಜೇಡಿಮಣ್ಣು, ಫೆಲ್ಡ್‌ಸ್ಪಾರು, ಬೆಣಚುಕಲ್ಲುಗಳ ಮಿಶ್ರಣವು ತೀವ್ರವಾದ ಕಾವಿನಲ್ಲಿ ಅರೆಗಾಜಾಗಿ ರಂಧ್ರಗಳನ್ನು ಮುಚ್ಚುವುದು. ರಂಧ್ರದಲ್ಲಿ ನೀರು ನಿಂತರೆ ವಿದ್ಯುತ್ತಿಗೆ ದಾರಿಯಾಗುವುದಷ್ಟೆ.

ಉಷ್ಣದ ನ್ಯಾಯವು ಇದಕ್ಕೆ ವಿಪರೀತವಾದುದು. ಅಲುಗಾಡದೆ ನಿಂತ ಗಾಳಿಯು ಕಾವನ್ನು ಬಹು ಮಂದವಾಗಿ ಒಯ್ಯುತ್ತದೆ. ಗಟ್ಟಿಯಾದ ಅಗ್ನಿಮೃತ್ತಿಕೆಯ ಇಟ್ಟಿಗೆಗೆ ಹೋಲಿಸಿದರೆ ಅದರ ವಾಹಕತೆಯು ಸುಮಾರು 40ರಲ್ಲೊಂದು ಪಾಲು. ಆದಕಾರಣ ಕುಲುಮೆಯ ಗೋಡೆಗೆ ಬೇಕಾದುದು ಸಣ್ಣ ಸಣ್ಣ ರಂಧ್ರಗಳಲ್ಲಿ ಗಾಳಿಯನ್ನು ಸೆರೆಹಿಡಿದ ಮಣ್ಣು. ಮರದ ಹೊಟ್ಟನ್ನೋ ಭತ್ತದ ಉಮಿಯನ್ನೋ ಬೆರಸಿ ಸುಟ್ಟರೆ ಅದು ಉರಿದುಹೋಗಿ ರಂಧ್ರಗಳು ಉಳಿಯುವುವು. ಉಮಿಯಲ್ಲಿ ಮತ್ತೊಂದು ವಿಶೇಷವುಂಟು: ನೂರಕ್ಕೆ 20ರಷ್ಟು ಬೂದಿಯಾಗಿ ನಿಲ್ಲುವ ಅದರ ಶೇಷವು ಬಹ್ವಂಶ ಸಿಲಿಕವೇ ಆಗಿದ್ದು ಬೆಂಕಿಗೆ ಬೆದರದು.

ವಾಗ್ಭಟನ ಹೆಸರಿನಲ್ಲಿರುವ ರಸರತ್ನಸಮುಚ್ಚಯದ ಹತ್ತನೆಯ ಅಧ್ಯಾಯದಲ್ಲಿ ವಜ್ರಮೂಷೆಗೆ ವಿಧಿಸಿರುವ ದ್ರವ್ಯಗಳನ್ನು ಈ ದೃಷ್ಟಿಯಿಂದ ಓದಬೇಕು: ಮಣ್ಣು 3 ಪಾಲು, ಅದರೊಡನೆ ಸೆಣಬು, ಲದ್ದಿ, ಸುಟ್ಟ ತುಷ, ಕಬ್ಬಿಣದ ಕಿಟ್ಟ ಅರೆಪಾಲು. ಸೆಣಬುಲದ್ದಿಗಳು ಉರಿದು ರಂಧ್ರವಾಗುವುವು. ತುಷವನ್ನು ಮೊದಲೇ ಸುಟ್ಟಿರಬೇಕೆಂಬ ವಿಶೇಷಣವು ಪಾದಪೂರಣಕ್ಕೆ ಬಂದುದಲ್ಲ, ಬೂದಿಯ ಗುಣವನ್ನರಿತವನ ಮಾತು.

ಇಷ್ಟರಿಂದಲೇ ಪ್ರಾಚೀನರಿಗೆ ಉಷ್ಣನಿರೋಧಕಶಾಸ್ತ್ರವಿದ್ದಿತೆಂದು ಸಾರುವುದು ಸಮಂಜಸವಲ್ಲ. ಮೂಷೆಯೊಳಕ್ಕೆ ಕಾವು ಹೋಗಲೇಬೇಕು. ಅಲ್ಲಿ ರಂಧ್ರಗಳ ಪ್ರಯೋಜನವು ಹಠಾತ್ತಾದ ತಾಪಕ್ಕೆ ಪಾತ್ರೆಯು ಬಿರಿಯದಂತೆ ಕಾಯುವುದು. ಕಾವನ್ನು ತಡೆಯುವ ಕಾರ್ಯವು ಕೋಷ್ಠಿಯ ಗೋಡೆಗೆ ಸೇರಿದ್ದು. ದ್ರವ್ಯವೊಂದೇ, ಪ್ರಯೋಜನ ಬೇರೆ. ಟೀಕಾಕಾರರಲ್ಲಿ ಕೆಲವರು ಮೂಷೆಯನ್ನು ಕೇವಲ ಮಣ್ಣಿನ ಪಾತ್ರೆಯೆಂದು ಅರ್ಥೈಸಿ ಮುಂದೆ ಸಾಗುವುದರಿಂದ ಈ ವಿವೇಕವೆಲ್ಲವೂ ಮರೆಯಾಗುತ್ತದೆ.

ಮೂಷೆಯು ತದ್ಭವವಾಗಿ ಕನ್ನಡದಲ್ಲಿ ಮೂಸೆಯಾಯಿತು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ನನು ಇಲ್ಲಿಯ ಉಕ್ಕಿನವರು ಹಸಿಮಣ್ಣಿನ ಮೂಸೆಯೊಳಗೆ ಕಬ್ಬಿಣವನ್ನೂ ತಂಗಡಿಯ ಕಡ್ಡಿಯನ್ನೂ ಇಟ್ಟು ಕಾಯಿಸುತ್ತಿದ್ದುದನ್ನು ವರ್ಣಿಸಿದ್ದಾನೆ.