ಒಂದೇ ಮುತ್ತಿಗೆ, ಎರಡು ರೋಗ

ಪುಣೆ ಕ್ಯಾಂಪ್ ಎಂದರೆ ಇವತ್ತಿನವರಿಗೆ ಎಂ.ಜಿ. ರಸ್ತೆ, ಈಸ್ಟ್ ಸ್ಟ್ರೀಟ್, ಬಿಸ್ಕತ್ತಿಗಾಗಿ ಜನ ಸಾಲು ನಿಲ್ಲುವ ಬೇಕರಿ. ಹೆಸರು ಮಾತ್ರ ಹಳೆಯ ಕಥೆಯನ್ನೇ ಹೇಳುತ್ತದೆ. ಪೇಶ್ವೆಗಳ ಆಳ್ವಿಕೆ ಮುಗಿಯುವ ಹೊತ್ತಿಗೆ ಬ್ರಿಟಿಷರು ಹೂಡಿದ ದಂಡು ಇದು. 1914ರ ನವೆಂಬರ್‌ನಲ್ಲಿ ಈ ಊರಿನ ಹೆಸರು ಹೊತ್ತ ಆರನೆಯ ಪೂನಾ ಡಿವಿಷನ್ ಇಂದಿನ ಇರಾಕಿನ ದಕ್ಷಿಣ ತುದಿಯಲ್ಲಿ ಹಡಗಿನಿಂದ ಇಳಿಯಿತು. ಮರುವರ್ಷ ಬಾಗ್ದಾದಿನ ಸಮೀಪದವರೆಗೂ ಹೋಗಿ, ಪೆಟ್ಟು ತಿಂದು ಹಿಮ್ಮೆಟ್ಟಿ, ಟೈಗ್ರಿಸ್ ನದಿ ಬಳುಕಿ ಹರಿಯುವ ಕೂಟ್ ಎಂಬ ಊರಿನಲ್ಲಿ ಸಿಕ್ಕಿಕೊಂಡಿತು. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ತುರ್ಕಿ ಸೈನ್ಯ ಅದನ್ನು ಸುತ್ತುವರಿದಿತ್ತು.

ಸೇನಾ ಇತಿಹಾಸಕಾರರು ಕೂಟ್ ಬಗ್ಗೆ ಬರೆದದ್ದೆಲ್ಲ ಬಹುಪಾಲು ಜನರಲ್ ಟೌನ್‌ಶೆಂಡನ ತಪ್ಪು ಒಪ್ಪುಗಳ ಲೆಕ್ಕ. ಅಡುಗೆ ಒಲೆಯ ಬಳಿ ನಡೆದದ್ದು ಅದಕ್ಕಿಂತ ಸ್ವಾರಸ್ಯದ್ದು. ಮುತ್ತಿಗೆಯೊಳಗೆ ಇದ್ದವರಿಗೆಲ್ಲ ಹಸಿವು ಒಂದೇ, ಆದರೆ ಬಂದ ಕಾಯಿಲೆ ಬೇರೆ ಬೇರೆ. ಬ್ರಿಟಿಷ್ ಸಿಪಾಯಿಗಳ ಕಾಲು ಊದಿತು, ನರ ಜೋಮುಗಟ್ಟಿತು, ಏದುಸಿರು ಬಂತು. ಅದು ಬೆರಿಬೆರಿ. ಭಾರತೀಯ ಸಿಪಾಯಿಗಳ ವಸಡು ಊದಿ ರಕ್ತ ಒಸರಿತು, ಕೀಲು ನೋವು ಹತ್ತಿತು. ಅದು ಸ್ಕರ್ವಿ.

ಕಾರಣ ತಟ್ಟೆಯಲ್ಲಿತ್ತು. ಬ್ರಿಟಿಷರಿಗೆ ಸಿಗುತ್ತಿದ್ದದ್ದು ಬಿಳಿ ಹಿಟ್ಟಿನ ಬ್ರೆಡ್ಡು. ಗೋಧಿಯ ತೌಡು, ಮೊಳೆ ಎರಡನ್ನೂ ತೆಗೆದು ಬಿಳುಪಾಗಿಸಿದಾಗ ಅದರ ಜೊತೆಗೆ ಥಯಾಮಿನ್ ಎಂಬ ಬಿ1 ಜೀವಸತ್ವವೂ ಹೋಗುತ್ತದೆ. ತಿಂದ ಪಿಷ್ಟವನ್ನು ದೇಹ ಶಕ್ತಿಯಾಗಿ ಉರಿಸಬೇಕಾದರೆ ಈ ಸತ್ವ ಬೇಕೇ ಬೇಕು. ಇಲ್ಲದಿದ್ದರೆ ಸೌದೆ ತುಂಬಿದ್ದರೂ ಒಲೆ ಹತ್ತುವುದಿಲ್ಲ; ಎಡೆಬಿಡದೆ ದುಡಿಯುವ ಹೃದಯ, ನರಗಳು ಮೊದಲು ಸೋಲುತ್ತವೆ. ದೇಹದಲ್ಲಿ ಇದರ ದಾಸ್ತಾನು ಕೆಲವೇ ವಾರಗಳದ್ದು. ಭಾರತೀಯ ಸಿಪಾಯಿ ತಿಂದದ್ದು ತೌಡು ಉಳಿದ ಗೋಧಿಹಿಟ್ಟಿನ ಚಪಾತಿ ಮತ್ತು ಬೇಳೆ. ಅವನಿಗೆ ಬೆರಿಬೆರಿ ಬರಲಿಲ್ಲ. ಬಿಳಿ ಹಿಟ್ಟು ತೀರುತ್ತ ಬಂದು, ಬ್ರಿಟಿಷರಿಗೂ ಬಾರ್ಲಿ ಮತ್ತು ಒರಟು ಗೋಧಿಹಿಟ್ಟು ಕೊಟ್ಟಾಗ ಅವರಲ್ಲೂ ಬೆರಿಬೆರಿ ಇಳಿಯಿತು. ಬಡತನದ ಹಿಟ್ಟೇ ಔಷಧಿಯಾಯಿತು!

ಸ್ಕರ್ವಿಯ ಲೆಕ್ಕ ಬೇರೆ. ಚರ್ಮ, ವಸಡು, ರಕ್ತನಾಳಗಳನ್ನು ಹಿಡಿದಿಡುವ ಕೊಲಾಜೆನ್ ಎಂಬ ನಾರನ್ನು ಗಟ್ಟಿ ಮಾಡಲು ಸಿ ಜೀವಸತ್ವ ಬೇಕು. ಆಡು, ನಾಯಿ ತಮ್ಮ ಪಿತ್ತಜನಕಾಂಗದಲ್ಲೇ ಅದನ್ನು ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೆ ಆ ಶಕ್ತಿ ಇಲ್ಲ. ಒಣ ಹಿಟ್ಟಿನಲ್ಲಾಗಲಿ ಬೇಳೆಯಲ್ಲಾಗಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ತಾಜಾ ಮಾಂಸದಲ್ಲಿ ಕೊಂಚ ಇರುತ್ತದೆ. ಬ್ರಿಟಿಷರು ತಮ್ಮ ಕುದುರೆಗಳನ್ನೇ ಕೊಂದು ತಿಂದು ಸ್ಕರ್ವಿಯಿಂದ ಹೆಚ್ಚುಕಡಿಮೆ ಪಾರಾದರು. ಭಾರತೀಯರಲ್ಲಿ ಬಹಳ ಮಂದಿ ಕುದುರೆ ಮಾಂಸ ಮುಟ್ಟಲಿಲ್ಲ. ಊರಿಗೆ ಹೋದರೆ ಜಾತಿಯವರು ಏನೆಂದಾರು ಎಂಬ ಅಳುಕು ಅವರದು. ತಿನ್ನಬಹುದೆಂದು ಭಾರತದ ಧರ್ಮಗುರುಗಳಿಂದ ಅನುಮತಿ ತರಿಸಲಾಯಿತು. ಆದರೂ ಏಪ್ರಿಲ್ ಬರುವವರೆಗೆ ಹೆಚ್ಚಿನವರು ಒಪ್ಪಲಿಲ್ಲ. ಬಯಲಿನ ಹುಲ್ಲು, ಕಳೆಗಿಡಗಳನ್ನು ಕಿತ್ತು ಬೇಯಿಸಿ ಸೊಪ್ಪಿನ ಪಲ್ಯದಂತೆ ತಿಂದರು.

ಇದನ್ನು ಸಿಪಾಯಿಗಳ ಹಟವೆಂದು ಬರೆದವರಿದ್ದಾರೆ. ಅದು ಅರ್ಧ ಸತ್ಯ. ದಂಡಿನಲ್ಲಿದ್ದಾಗ ಭಾರತೀಯ ಸಿಪಾಯಿ ತನ್ನ ಸಂಬಳದಲ್ಲೇ ಬಜಾರಿನಿಂದ ದಿನಸಿ ಕೊಳ್ಳಬೇಕಿತ್ತು. ಪುಣೆಯ ಬಜಾರೆಂದರೆ ಮೆಂತ್ಯ ಸೊಪ್ಪು, ಹಸಿಮೆಣಸಿನಕಾಯಿ, ನಿಂಬೆ ಕೈಗೆಟುಕುವ ಜಾಗ. ಸಿ ಜೀವಸತ್ವ ಯಾರಿಗೂ ತಿಳಿಯದೆಯೇ ಹೊಟ್ಟೆ ಸೇರುತ್ತಿತ್ತು. ಯುದ್ಧಭೂಮಿಯಲ್ಲಿ ಸರ್ಕಾರ ಅಳೆದು ಕೊಟ್ಟ ರೇಷನ್ನಿನಲ್ಲಿ ಹಿಟ್ಟು, ಬೇಳೆ, ತುಪ್ಪಗಳೇ ಮುಖ್ಯ. ಹೊಟ್ಟೆ ತುಂಬಿದರೆ ಸಾಕೆಂದು ಲೆಕ್ಕ ಹಾಕಿದವರ ಪಟ್ಟಿ ಅದು. ಸಿಪಾಯಿಗೆ ಪುಕ್ಕಟೆ ರೇಷನ್ ಬಂದದ್ದು 1917ರಲ್ಲಿ.

ಶರಣಾದವರು ಸುಮಾರು 13,000 ಮಂದಿ. ನಿತ್ರಾಣರಾಗಿದ್ದ ಅವರನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು. ಸೆರೆಸಿಕ್ಕ ಬ್ರಿಟಿಷ್ ಸಿಪಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಊರು ಕಾಣಲಿಲ್ಲ, ಭಾರತೀಯರೂ ಸಾವಿರಗಟ್ಟಲೆ ಸತ್ತರು. ಕೂಟ್‌ನಲ್ಲಿದ್ದ 103, 110, 117ನೆಯ ಮರಾಠಾ ಪಲ್ಟನ್‌ಗಳು ಮುಂದೆ ಸೇರಿಹೋದ ರೆಜಿಮೆಂಟಿನ ಕೇಂದ್ರ ಇಂದಿಗೂ ನಮ್ಮ ಬೆಳಗಾವಿಯಲ್ಲಿದೆ.

ಯುದ್ಧ ಮುಗಿಯುವ ಮೊದಲೇ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಸಂಗಡಿಗರು ಒಂದು ಅಗ್ಗದ ದಾರಿ ಹೇಳಿದರು: ಕಾಳನ್ನು ನೆನೆಸಿ ಮೊಳಕೆ ಬರಿಸಿ, ಒಂದೆರಡು ದಿನದಲ್ಲಿ ಸ್ಕರ್ವಿ ತಡೆಯುವ ಗುಣ ಹುಟ್ಟುತ್ತದೆ, ಹೆಚ್ಚು ಬೇಯಿಸಬೇಡಿ. ಪುಣೆಯ ಮನೆಮನೆಯಲ್ಲಿ ಮಟಕಿ ಉಸಳ್ ಮಾಡುವ ಹೆಂಗಸರಿಗೂ, ಬೆಳಗಾವಿ ಕಡೆ ಮಡಕಿ ಕಾಳು ಬಟ್ಟೆಯಲ್ಲಿ ಕಟ್ಟಿಡುವವರಿಗೂ ಇದು ಹೊಸದೇನಲ್ಲ. ಒಂದೇ ತೊಡಕು: ಮೊಳೆಯುವುದು ಸಿಪ್ಪೆಯಿರುವ ಇಡೀ ಕಾಳು. ಒಡೆದ ಬೇಳೆ ಎಷ್ಟು ನೆನೆಸಿದರೂ ಮೊಳೆಯುವುದಿಲ್ಲ.